ಫೋನಿಗೆ ಪಾಠ ಹೇಳುವ ಲೆಕ್ಕದ ಟೀಚರ್

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನ ಮುಂದೆ ಲೆಕ್ಕದ ಟೀಚರ್ ನಿಂತಿದ್ದಾರೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸುವ ಲೆಕ್ಕವಿದೆ. "ಕೆಳಗಿನ ಎರಡೂ ಅಂಕಿ ಆರು ಮಾಡ್ಕೊಂಡ್ವಿ. ಅರ್ಥ ಆಯ್ತಾ ಮಕ್ಕಳೇ?" ಎಂದು ಕೇಳಿ, ರೂಢಿಯಂತೆ ಉತ್ತರಕ್ಕೆ ಕಾಯುತ್ತಾರೆ. ಫೋನು ತುಟಿ ಪಿಟಕ್ಕೆನ್ನುವುದಿಲ್ಲ. ಒಳಕೋಣೆಯಿಂದ ಅತ್ತೆಯ ದನಿ ಬರುತ್ತದೆ: "ನಂಗೇನೂ ಆಗ್ಲಿಲ್ಲ ಕಣಮ್ಮ."

ಅಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಟೀಚರ್ ಹಾರಿಬಿದ್ದು ಒಲೆ ಆರಿಸಿ ಬಂದು, ಎಲ್ಲಿದ್ದೆ ಎಂದು ಗೊತ್ತಾಗದೆ ಕಣ್ಣು ಕಣ್ಣು ಬಿಡುತ್ತಾರೆ. "ಹಾಂ, ಮೂರಕ್ಕೆ ಎರಡು ಕೂಡಿಸಿದ್ರೆ ಐದು. ಉತ್ತರ ಆರರಲ್ಲಿ ಐದು." ಅಲ್ಲಿಗೆ ವಿಡಿಯೊ ಮುಗಿಯಿತು. ಬೇಡದ್ದನ್ನು ಕತ್ತರಿಸುವ ವಿದ್ಯೆ ಅವರಿಗೆ ಬಾರದು. ಹಾಗಾಗಿ ಕುಕ್ಕರ್ ಸಮೇತ ಪಾಠ ಏಳನೇ ತರಗತಿಯ ಮಕ್ಕಳ ಮನೆಗಳಿಗೆ ಹೋಗುತ್ತದೆ.

ಇದಕ್ಕೆ ಫ್ಲಿಪ್ಡ್ ಕ್ಲಾಸ್‌ರೂಮ್ ಎನ್ನುತ್ತಾರೆ. ಪಾಠವನ್ನು ಮಕ್ಕಳು ಮನೆಯಲ್ಲಿ ವಿಡಿಯೊದಲ್ಲಿ ಕೇಳಬೇಕು, ಮನೆಯಲ್ಲಿ ಮಾಡುತ್ತಿದ್ದ ಲೆಕ್ಕಗಳನ್ನು ತರಗತಿಯಲ್ಲಿ ಮಾಡಬೇಕು. ತರಬೇತಿ ಕೊಟ್ಟವರು ಇದನ್ನು ನೀರು ಕುಡಿದಷ್ಟು ಸುಲಭ ಎಂಬಂತೆ ಹೇಳಿ ಹೋದರು. ಸ್ಟಾಫ್ ರೂಮಿನಲ್ಲಿ ಮಾತ್ರ ಇದರ ಹೆಸರು ತಲೆಕೆಳಗು ಕ್ಲಾಸು. ಬೋರ್ಡು, ಸೀಮೆಸುಣ್ಣವನ್ನೇ ನಂಬಿಕೊಂಡು ಬಂದ ನಮ್ಮ ಟೀಚರ್‌ಗೆ ಅದರ ತಲೆಯೂ ತಿಳಿಯಲಿಲ್ಲ, ಬುಡವೂ ತಿಳಿಯಲಿಲ್ಲ.

"ಪಾಠ ಮನೇಲೇ ಮುಗಿದ್ರೆ ಕ್ಲಾಸಲ್ಲಿ ನಾನೇನು ಮಾಡ್ಲಿ? ಬೆಂಚು ಒರೆಸ್ಲಾ?" ಎಂದು ಈಗಲೂ ಕೇಳುತ್ತಾರೆ. ಬಸ್ ಓಡಿಸುವ ಗಂಡನದು ಇನ್ನೊಂದು ಕೀಟಲೆ: "ಹಂಗಾದ್ರೆ ನಾನೂ ಜನಕ್ಕೆ ದಾರಿ ಹೇಳ್ಬಿಟ್ಟು ಮನೇಲೇ ಇದ್ಬಿಡ್ತೀನಿ, ಅವರೇ ಬಸ್ ಓಡಿಸ್ಕೊಂಡು ಹೋಗ್ಲಿ."

ನಗುವ ಮಾತೇನೋ ಸರಿ. ಆದರೆ ಟೀಚರ್ ಮಾಡಿಕೊಂಡ ಎಡವಟ್ಟು ಸಣ್ಣದಲ್ಲ. ಮಕ್ಕಳು ವಿಡಿಯೊ ನೋಡಿದ್ದಾರೋ ಇಲ್ಲವೋ ಎಂಬ ಭಯಕ್ಕೆ ದಿನವೂ ಅದೇ ಪಾಠವನ್ನು ತರಗತಿಯಲ್ಲಿ ಮೊದಲಿಂದ ಹೇಳಿದರು. ಹೇಗೂ ಮಿಸ್ ಹೇಳುತ್ತಾರಲ್ಲ ಎಂದು ಮಕ್ಕಳು ವಿಡಿಯೊ ನೋಡುವುದನ್ನೇ ಬಿಟ್ಟರು. ವಿಷಯ ಮುಖ್ಯೋಪಾಧ್ಯಾಯಿನಿಯ ಕಿವಿಗೆ ಬಿತ್ತು. ತಾವೇ ಬಂದು ಕೂರುವುದಾಗಿಯೂ, ಆಗಲೂ ಬೋರ್ಡಿನ ಮುಂದೆ ಪಾಠ ಶುರುವಾದರೆ ಏಳನೇ ತರಗತಿಯನ್ನು ಬೇರೆಯವರಿಗೆ ಕೊಡುವುದಾಗಿಯೂ ಖಡಾಖಂಡಿತವಾಗಿ ಹೇಳಿದರು. ಐದನೇ ತರಗತಿಯಿಂದ ಕೈಹಿಡಿದು ತಂದ ಮಕ್ಕಳವರು. ಟೀಚರ್‌ಗೆ ಊಟ ಸೇರುತ್ತಿಲ್ಲ. "ನಾಳೆಯಿಂದ ಪಾಠ ಮತ್ತೆ ಹೇಳಲ್ಲ, ಇವತ್ತು ಕಳಿಸಿದ ವಿಡಿಯೊ ನೋಡ್ಕೊಂಡೇ ಬನ್ನಿ" ಎಂದು ಮಕ್ಕಳಿಗೆ ಗೋಗರೆದು ಬಂದಿದ್ದಾರೆ.

ಮಾರನೇ ದಿನ ಮುಖ್ಯೋಪಾಧ್ಯಾಯಿನಿ ಕೊನೆಯ ಬೆಂಚಿನಲ್ಲಿ ಕುಳಿತಿದ್ದಾರೆ. ಬೋರ್ಡಿನ ಮೇಲೆ ಒಂದೇ ಲೆಕ್ಕ: ನಾಲ್ಕನೇ ಒಂದು ಭಾಗಕ್ಕೆ ಮೂರನೇ ಒಂದು ಭಾಗ ಕೂಡಿಸಿ. ಟೀಚರ್ ಬಾಯಿಗೆ ಬೀಗ ಹಾಕಿಕೊಂಡು ಬೆಂಚುಗಳ ನಡುವೆ ನಡೆಯುತ್ತಾರೆ. ಮೊದಲ ಬೆಂಚಿನಲ್ಲಿ ಕೆಳಗೆ ಹನ್ನೆರಡು ಬರೆದಿದೆ, ಮೇಲೆ ಖಾಲಿ. ಎರಡನೆಯದರಲ್ಲೂ ಅಷ್ಟೆ. ಇಡೀ ತರಗತಿಯ ಪೆನ್ಸಿಲುಗಳು ಒಂದೇ ಜಾಗದಲ್ಲಿ ನಿಂತಿವೆ. ಯಾರೂ ವಿಡಿಯೊ ನೋಡಿಲ್ಲ ಎಂದುಕೊಳ್ಳುತ್ತಾರೆ ಟೀಚರ್. ಕಾಲು ತಾನಾಗಿ ಬೋರ್ಡಿನ ಕಡೆ ಹೊರಡುತ್ತದೆ, ಕೈ ಸೀಮೆಸುಣ್ಣ ಎತ್ತಿಕೊಳ್ಳುತ್ತದೆ.

"ಮಿಸ್" ಎನ್ನುತ್ತಾಳೆ ಕಿಟಕಿ ಪಕ್ಕದ ಹುಡುಗಿ. ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದವಳು. "ಕುಕ್ಕರ್ ಕೂಗೋವರೆಗೂ ಅರ್ಥ ಆಯ್ತು ಮಿಸ್. ಆಮೇಲೆ ನೀವು ಬಂದು ಮೂರು ಅಂದ್ರಿ. ಆ ಮೂರು ಎಲ್ಲಿಂದ ಬಂತು?"

"ನಾನು ವಿಡಿಯೊ ಹಿಂದೆ ಹಾಕಿ ಹಾಕಿ ನೋಡ್ದೆ ಮಿಸ್, ಸಿಗ್ಲೇ ಇಲ್ಲ" ಎನ್ನುತ್ತಾನೆ ಇನ್ನೊಬ್ಬ.

ಟೀಚರ್ ನಿಂತಲ್ಲೇ ನಿಲ್ಲುತ್ತಾರೆ. ಒಲೆ ಆರಿಸುವ ಗಡಿಬಿಡಿಯಲ್ಲಿ ಒಂದು ಹಂತವನ್ನೇ ಹಾರಿಸಿಬಿಟ್ಟಿದ್ದಾರೆ. ಮಕ್ಕಳು ಅಲ್ಲೇ ಸಿಕ್ಕಿಕೊಂಡಿದ್ದಾರೆಂದರೆ ಎಲ್ಲರೂ ನೋಡಿಯೇ ಬಂದಿದ್ದಾರೆ! ನಾಚಿಕೆಯೂ ಆಗುತ್ತದೆ, ಸಂತೋಷಕ್ಕೆ ಕಣ್ಣೂ ತುಂಬುತ್ತದೆ. ಸೀಮೆಸುಣ್ಣ ಕೆಳಗಿಟ್ಟು ಹುಡುಗಿಯ ಪಕ್ಕ ಒತ್ತರಿಸಿಕೊಂಡು ಕೂರುತ್ತಾರೆ. "ಒಂದು ಹಾಳೇನ ಆರು ಮನೆ ಬರೋ ಹಂಗೆ ಮಡಿಸು. ಅರ್ಧ ಹಾಳೇಲಿ ಎಷ್ಟು ಮನೆ ಇದೆ?" ಹುಡುಗಿ ಮಡಿಸುತ್ತಾಳೆ, ಎಣಿಸುತ್ತಾಳೆ. "ಮೂರು!" ಎಂದು ಕೂಗಿದ್ದೇ ತಡ, ಎಲ್ಲ ಬೆಂಚುಗಳಲ್ಲೂ ಹಾಳೆ ಮಡಿಸುವ ಗಲಾಟೆ. ಹಾಗಿದ್ದರೆ ಹನ್ನೆರಡಕ್ಕೆ ಎಷ್ಟು ಎಂದು ಅವರವರಲ್ಲೇ ಜಗಳ ಶುರುವಾಗುತ್ತದೆ.

ಗಂಟೆ ಬಾರಿಸಿದ ಮೇಲೆ ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಒರೆಸುತ್ತಾರೆ. "ನೀವು ಪಾಠ ಮಾಡಿದ್ದನ್ನೇ ನಾನು ನೋಡ್ಲಿಲ್ಲ. ಇದನ್ನ ಚೆನ್ನಾಗಿತ್ತು ಅನ್ಲಾ, ಏನನ್ಲಿ?"

"ನಂಗೂ ಗೊತ್ತಾಗ್ತಿಲ್ಲ ಮೇಡಂ."

"ಇರ್ಲಿ, ಏಳನೇ ಕ್ಲಾಸು ನಿಮ್ಮ ಹತ್ರಾನೇ ಇರ್ಲಿ. ಇಬ್ಬರಲ್ಲಿ ಯಾರಿಗೆ ಮೊದಲು ಗೊತ್ತಾಗತ್ತೋ ನೋಡೋಣ."

ಸ್ಟಾಫ್ ರೂಮಿನಲ್ಲಿ ಟೀಚರ್ ತಣ್ಣಗಾದ ಚಹಾ ಕುಡಿಯುತ್ತಾರೆ. "ಇದು ಸರೀನೋ ತಪ್ಪೋ ನಂಗಿನ್ನೂ ತಿಳೀದು. ಆದ್ರೆ ಇಷ್ಟು ವರ್ಷ ಬೋರ್ಡ್ ಕಡೆ ಮುಖ, ಮಕ್ಕಳ ಕಡೆ ಬೆನ್ನು ಮಾಡ್ಕೊಂಡು ಲೆಕ್ಕ ಹೇಳಿದೆ. ಅವರ ಕೈ ಎಲ್ಲಿ ನಿಲ್ಲತ್ತೆ ಅಂತ ನೋಡಿದ್ದು ಇವತ್ತೇ. ಇನ್ನೊಂದಿಷ್ಟು ದಿನ ನೋಡ್ಬೇಕು ಅಂತ ಆಸೆ."