ಹಿಂದಕ್ಕೆ ಹಾರಿದ ಬಾವುಟ

ಮೊನ್ನೆ ಗೋಂದಿನ ಡಬ್ಬಿ ತೆರೆದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹೈಸ್ಕೂಲಿನ ಕ್ರಾಫ್ಟ್ ಟೀಚರ್ ನೆನಪಾದರು. ಜೊತೆಗೆ ಹಲ್ಲು ಕಡಿಯುವ ಅಭ್ಯಾಸವೂ ವಾಪಸು ಬಂತು. ದಂತವೈದ್ಯರು ಬೇಡವೆಂದಿದ್ದಾರೆ...

ಆ ವರ್ಷ ಶಾಲೆಯ ವಸ್ತುಪ್ರದರ್ಶನಕ್ಕೆಂದು ನಾನು ಮನೆಯಲ್ಲಿ ಹಾಯಿಹಡಗು ಮಾಡಿದ್ದೆ. ಕಾಫಿ ತೋಟದ ಹಾಲುವಾಣ ಹಗುರ ಮರ. ಅದನ್ನು ಕೆತ್ತಿ ಹಡಗಿನ ಒಡಲು, ಅಪ್ಪನ ಹಳೇ ಪಂಚೆಯಿಂದ ಮುಂದಕ್ಕೆ ಉಬ್ಬಿದ ಹಾಯಿ, ತುದಿಯಲ್ಲಿ ಕೆಂಪು ಕಾಗದದ ಬಾವುಟ. ಕುಶಾಲನಗರದ ಹುಡುಗಿ ನಾನು, ಸಮುದ್ರ ಕಂಡಿರಲಿಲ್ಲ. ಕಂಡಿದ್ದ ಬಾವುಟವೆಂದರೆ ಚುನಾವಣೆಯ ಜೀಪಿನದು. ಅದು ಹಿಂದಕ್ಕೆ ಹಾರುತ್ತಿತ್ತು. ನಾನೂ ಹಿಂದಕ್ಕೇ ಅಂಟಿಸಿದೆ.

ಟೀಚರ್ ಕರಾವಳಿಯವರು. ಇಡೀ ತರಗತಿಯೆದುರು ಹಡಗನ್ನು ಎತ್ತಿ ಹಿಡಿದರು.

"ಎಂತ ಮಾರಾಯ್ತಿ ಇದು? ಹಾಯಿಗೊಂದು ಗಾಳಿ, ಬಾವುಟಕ್ಕೆ ಇನ್ನೊಂದಾ? ಹಿಂದಿನಿಂದ ಗಾಳಿ ಬಂದ್ರೆ ಎರಡೂ ಮುಂದಕ್ಕೇ ಹೋಗ್ಬೇಕಲ್ವಾ?"

ಹಡಗು ಪ್ರದರ್ಶನದ ಮೇಜಿಗೆ ಹೋಗಲಿಲ್ಲ, ಬೀರುವಿನ ಹಿಂದಕ್ಕೆ ಹೋಯಿತು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನ ಹೆಸರು 'ಉಲ್ಟಾ ಬಾವುಟ'. ಟೀಚರ್ ಬಾಯಿಂದಲೇ ಒಂದು ದಿನ "ಎಂತ ತಪ್ಪಿಲ್ಲ" ಅನ್ನಿಸುತ್ತೇನೆ ಎಂದು ಶಪಥ ಮಾಡಿದೆ.

ಸೇಡಿಗೆ ಜನ ಏನೇನೋ ಮಾಡುತ್ತಾರೆ. ನಾನು ಹಡಗು ಮಾಡಿದೆ. ಮದುವೆಯಾಗಿ, ಮಗಳನ್ನು ಬೆಳೆಸಿ, ಬಿ.ಪಿ. ಮಾತ್ರೆ ನುಂಗುತ್ತ, ಷೋಕೇಸು ತುಂಬುವಷ್ಟು. ಎಲ್ಲಕ್ಕಿಂತ ಚೆಂದದ್ದನ್ನು ಹೋದ ವರ್ಷ ಎತ್ತಿಕೊಂಡು ಶನಿವಾರಸಂತೆಯಲ್ಲಿದ್ದ ಟೀಚರ್ ಮನೆಗೆ ಹೊರಟೆ. ಬಸ್ಸಿನಲ್ಲಿ ಬಾವುಟದ ದಿಕ್ಕನ್ನು ಹದಿನೇಳು ಸಲ ನೋಡಿಕೊಂಡೆ.

ಅವರ ಕಣ್ಣು ಮಂಜಾಗಿತ್ತು. ಹಡಗನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ತಡವಿದರು. ಹಾಯಿ... ಬಾವುಟ... ತಲೆಯಾಡಿಸಿದರು. ಶತ್ರು ಶರಣಾಗುವ ಗಳಿಗೆಗೆ ನಾನು ಉಸಿರು ಬಿಗಿಹಿಡಿದು ಕಾದೆ. ಬೆರಳು ಹಿಂಬದಿಗೆ ಹೋಗಿ ನಿಂತಿತು.

"ಬಾವುಟ ಸರಿ ಉಂಟು. ಚುಕ್ಕಾಣಿ ಎಲ್ಲಿ ಮಾರಾಯ್ತಿ? ಇದನ್ನು ತಿರುಗಿಸುವುದು ಯಾರು, ನಿನ್ನ ಗಂಡನಾ?"

ಕಾಫಿ ಅರ್ಧಕ್ಕೇ ಬಿಟ್ಟು, ಹಡಗು ಕಿತ್ತುಕೊಂಡು ಎದ್ದುಬಂದೆ. ಬೆನ್ನ ಹಿಂದೆ ಅವರು ಇನ್ನೂ ನಗುತ್ತಿದ್ದರು. ಮರುದಿನವೇ ಹೊಸತೊಂದನ್ನು ಶುರುಮಾಡಿದೆ. ಅದರ ಚುಕ್ಕಾಣಿಗೆ ಗೋಂದು ಹಚ್ಚಿ ಒಣಗಲು ಇಟ್ಟಿದ್ದಾಗಲೇ ಟೀಚರ್ ತೀರಿಕೊಂಡ ಸುದ್ದಿ ಬಂತು. ಸೋಲೊಪ್ಪದೆ ತಪ್ಪಿಸಿಕೊಂಡುಬಿಟ್ಟರು, ಘಾಟಿ ಹೆಂಗಸು. ಅಂದು ನಾನು ಅತ್ತದ್ದು ಸಿಟ್ಟಿಗೆ ಎಂದೇ ಮನೆಯವರಿಗೆ ಹೇಳಿದೆ...

ಆ ಚುಕ್ಕಾಣಿ ಮೊನ್ನೆ ಕಳಚಿತ್ತು. ಮತ್ತೆ ಅಂಟಿಸಿ, ಹಡಗನ್ನು ಕಿಟಕಿಯ ಬಳಿ ಇಟ್ಟಿದ್ದೇನೆ. ಹಾಯಿ ಸರಿ, ಬಾವುಟ ಸರಿ, ಚುಕ್ಕಾಣಿಯೂ ಇದೆ. ಆದರೂ ಇದರಲ್ಲೇನೋ ಬಿಟ್ಟುಹೋಗಿದೆ, ನನಗೆ ಖಾತ್ರಿ. ಏನೆಂದು ಹೇಳಿ ನಗಬೇಕಾದವರೇ ಇಲ್ಲ.