ಪೌಡರ್ ಇಲ್ಲದ ಸ್ಟುಡಿಯೋ

ನನ್ನ ಅಣ್ಣ ಮೋಹನದಾಸ್ ಹಂಪನಕಟ್ಟೆಯಲ್ಲಿ ಸ್ಟುಡಿಯೋ ನಡೆಸಿದಷ್ಟು ಕಾಲವೂ ಅಲ್ಲಿ ಪೌಡರ್ ಡಬ್ಬಿ ಇಡಲಿಲ್ಲ. ಕನ್ನಡಿಯ ಕೆಳಗೆ ಬಾಚಣಿಗೆ ಒಂದೇ. ಸಂಬಂಧ ನೋಡಲು ಫೋಟೊ ಬೇಕೆಂದು ಬಂದ ಹುಡುಗಿಯರು ಪೌಡರ್ ಕೇಳಿದರೆ, "ಅದೆಂತಕ್ಕೆ? ಬೆಳಕು ಉಂಟಲ್ಲ ಮಾರಾಯ್ತಿ" ಎನ್ನುತ್ತಿದ್ದ. ಎಷ್ಟೋ ಗಿರಾಕಿಗಳು ಮುಖ ಊದಿಸಿಕೊಂಡು ಮೆಟ್ಟಿಲಿಳಿದು ಬೇರೆ ಸ್ಟುಡಿಯೋಗೆ ಹೋದರು. ಇವನು ಹೋಗಲಿ ಬಿಡು ಎಂದು ಚಹಾ ತರಿಸುತ್ತಿದ್ದ. ಇಂಥವನು ವ್ಯಾಪಾರ ಮಾಡಿದ ಹಾಗೇ! ಮೊಬೈಲು ಬಂದ ಮೇಲೆ ಬಾಗಿಲು ಹಾಕಿ, ಪ್ರಿಂಟು ಹಾಕುವ ಯಂತ್ರವನ್ನು ಉರ್ವದ ಮನೆಯ ಬಚ್ಚಲಿಗೆ ತಂದಿಟ್ಟುಕೊಂಡ. ಈಗಲೂ ಆಗೀಗ ಒಂದು ಕಪ್ಪು-ಬಿಳುಪು ರೀಲು ತೊಳೆಯುತ್ತಾನೆ. ಅತ್ತಿಗೆ ಬೈದರೆ ನಗುತ್ತಾನೆ. ಸುಖಿ ಮನುಷ್ಯ.

ನಾನು ಮಾತ್ರ ಅವನ ಕ್ಯಾಮೆರಾದ ಮುಂದೆ ನಿಂತವಳಲ್ಲ. ನಾನು ಕಪ್ಪು, ಚೆನ್ನಾಗಿಯೇ ಕಪ್ಪು. ನನ್ನ ಮದುವೆಯ ದಿನ ಅಣ್ಣನಿಗೆ ದಿಬ್ಬಣ ಎದುರುಗೊಳ್ಳುವ ಕೆಲಸವಿತ್ತು, ಫೋಟೊಗೆ ಬೇರೆಯವರನ್ನು ಕರೆಸಿದ್ದರು. ಆಲ್ಬಮ್ ಬಂದಾಗ ನೋಡುತ್ತೇನೆ, ನನ್ನ ಗಂಡ ಪ್ರೇಮ್ ಅವರು ಉಟ್ಟ ಬಿಳಿ ಮುಂಡಿನ ಒಂದೊಂದು ನಿರಿಗೆಯೂ ಕಾಣುತ್ತದೆ, ಪಕ್ಕದಲ್ಲಿ ನಾನು ಬರೀ ಮಲ್ಲಿಗೆ ಮತ್ತು ಮೂಗುತಿ. ಗಂಡನ ಮನೆಯವರು ಕಿಸಕ್ಕನೆ ನಕ್ಕರು. ಅಂದಿನಿಂದ ಫೋಟೊ ಎಂದರೆ ಅಡುಗೆಮನೆಗೆ ಓಡುವುದೇ ನನ್ನ ಕ್ರಮ.

ಕಳೆದ ವರ್ಷ ಹೊಸ ಅಕ್ಕಿ ಊಟಕ್ಕೆ ಎಲ್ಲರೂ ಅಣ್ಣನ ಮನೆಯಲ್ಲಿ ಸೇರಿದೆವು. ಊಟವಾದ ಮೇಲೆ ಅಂಗಳದಲ್ಲಿ ಒಂದು ಫೋಟೊ ಆಗಲೇಬೇಕು. ನಾನು ಎಂದಿನಂತೆ ಒಳಗೆ ಓಡಿದೆ. ನೋಡಿದರೆ ಅಡುಗೆಮನೆಯ ಬಾಗಿಲ ಹಿಂದೆ ನನ್ನ ಪುಟ್ಟ ಮೊಮ್ಮಗಳು ಯಶ್ಮಿತಾ ಆಗಲೇ ಅಡಗಿ ನಿಂತಿದ್ದಾಳೆ. ಅವಳದೂ ನನ್ನದೇ ಬಣ್ಣ.

"ನೀನೆಂತ ಇಲ್ಲಿ?"

"ನಾವು ಕಪ್ಪು ಅಲ್ವಾ ಅಜ್ಜಿ? ನಾವು ಫೋಟೊಗೆ ನಿಲ್ಲುದಿಲ್ಲ."

ಅಯ್ಯೋ ದೇವರೇ! ಮಗುವಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನನ್ನು ನೋಡಿಯೇ ಕಲಿತದ್ದು. ಅವಳ ಕೈ ಹಿಡಿದುಕೊಂಡು ಸರಸರನೆ ಅಂಗಳಕ್ಕೆ ಬಂದೆ.

"ಅಣ್ಣ, ನಾವಿಬ್ಬರೂ ನಿಲ್ತೇವೆ. ಮುಖ ಕಾಣದ ಹಾಗೆ ತೆಗೆದ್ರೆ ನೋಡು! ಮತ್ತೆ, ಬೆಳ್ಳಗೂ ಮಾಡ್ಬೇಡ. ಮೊಬೈಲಲ್ಲಿ ಮಾಡ್ತಾರಲ್ಲ, ಸುಣ್ಣ ಬಳಿದ ಹಾಗೆ."

ಅಣ್ಣ ನಕ್ಕ. ಗಂಡಸರೆಲ್ಲ ಬಿಳಿ ಮುಂಡಿನಲ್ಲಿ ಸಾಲಾಗಿ ನಿಂತಿದ್ದರು. ಅವರನ್ನು ಬಿಟ್ಟು ಸೀದಾ ನನ್ನ ಹತ್ತಿರ ಬಂದು, ಕ್ಯಾಮೆರಾವನ್ನು ನನ್ನ ಕೆನ್ನೆಯ ಎದುರಿಗೇ ಹಿಡಿದ.

"ಇದರೊಳಗೆ ಬೆಳಕು ಅಳೆಯುವ ಮೀಟರು ಉಂಟಲ್ಲ, ಅದಕ್ಕೆ ಕಪ್ಪು-ಬಿಳಿ ಗೊತ್ತಾಗುದಿಲ್ಲ ಲತಾ. ಎಂತ ಕಂಡರೂ ಬೂದು ಮಾಡ್ಲಿಕ್ಕೆ ನೋಡ್ತದೆ. ಬಿಳಿ ಮುಂಡು ಕಂಡರೆ ಬೆಳಕು ಜಾಸ್ತಿ ಆಯ್ತು ಅಂತ ಕಡಿಮೆ ಮಾಡಿಸ್ತದೆ. ಆಗ ಪಕ್ಕದವರ ಮುಖ ಕತ್ತಲಲ್ಲಿ ಮುಳುಗಿ ಹೋಗ್ತದೆ. ನಿನ್ನ ಮದುವೆಯಲ್ಲಿ ಆದದ್ದೂ ಅದೇ."

"ಹಾಗಾದ್ರೆ ತಪ್ಪು ಮುಂಡಿನದ್ದಾ?"

"ನಿನ್ನದಂತೂ ಅಲ್ಲ." ಅವನು ಬೆಳಕು ಹೆಚ್ಚು ಕಡಿಮೆ ಮಾಡುವ ಲೆನ್ಸಿನ ಉಂಗುರವನ್ನು ತಿರುಗಿಸಿದ, ಆಮೇಲೆ ಸ್ವಲ್ಪ ಹಿಂದಕ್ಕೆ ತಂದ. "ಈಗ ನಿನ್ನ ಕೆನ್ನೆ ಮಾತ್ರ ನೋಡಿ ಜಾಸ್ತಿ ಬೆಳಕು ಕೇಳ್ತಾ ಉಂಟು. ಕೇಳಿದಷ್ಟೂ ಕೊಟ್ಟರೆ ನೀನು ಬೆಳ್ಳಗೆ ಬರ್ತಿ. ಸ್ವಲ್ಪ ಕಡಿಮೆ ಕೊಟ್ಟರೆ ನೀನೇ ಬರ್ತಿ."

ಇಷ್ಟು ವರ್ಷ ಬಾಯಲ್ಲಿ ಕಡುಬು ಇಟ್ಟುಕೊಂಡಿದ್ದನೇ ಇವನು! ಹೇಳಿದ್ದನೋ ಏನೋ, ನಾನು ಅಡುಗೆಮನೆಯಲ್ಲಿದ್ದೆ.

ಮುಂದಿನ ಆದಿತ್ಯವಾರ ಅಣ್ಣ ಫೋಟೊ ತಂದುಕೊಟ್ಟ. "ಭಾವ, ನನ್ನ ಮುಂಡಿನ ನಿರಿಗೆ ಎಲ್ಲಿ ಮಾರಾಯ್ರೆ? ಬರೀ ಬಿಳಿ!" ಎಂದು ಪ್ರೇಮ್ ಗೋಳಾಡಿದರು. ಒಂದು ಸಲ ಅದೂ ಹೋಗಲಿ ಎಂದೆ. ಫೋಟೊದಲ್ಲಿ ನಾನಿದ್ದೆ. ಹಣೆಯ ಗೆರೆ, ಗದ್ದದ ಮಚ್ಚೆ, ಕಪ್ಪು ಕೆನ್ನೆಯ ಮೇಲೆ ಮಧ್ಯಾಹ್ನದ ಬಿಸಿಲು. ನನ್ನ ಸೊಂಟಕ್ಕೆ ಆತುಕೊಂಡು ಹಲ್ಲು ಬಿಟ್ಟು ನಗುವ ಯಶ್ಮಿತಾ. ನೋಡುತ್ತಾ ಕಣ್ಣು ತುಂಬಿತು. ಎಷ್ಟು ಚೆಂದ ಇದ್ದೆವು ನಾವು!

ಈ ವರ್ಷ ಹೊಸ ಅಕ್ಕಿ ಊಟ ಮುಗಿದು ಅಣ್ಣ ಕ್ಯಾಮೆರಾ ಹೊರಗೆ ತೆಗೆಯುವಷ್ಟರಲ್ಲಿ ಯಶ್ಮಿತಾ ಅಂಗಳದ ನಡುವೆ ಹೋಗಿ ನಿಂತಿದ್ದಳು. ಮುಖ ಮೇಲೆತ್ತಿ, "ಅಜ್ಜ, ಮೊದಲು ನನ್ನ ಕೆನ್ನೆ ನೋಡು" ಎಂದಳು.