ಬಿಸಿಲಿನಲ್ಲಿ ಉಳಿದ ಮರಿ

ಅತ್ತೆ ತೀರಿಕೊಂಡ ಮೇಲೆ ಸೊಲ್ಲಾಪುರದ ನಮ್ಮ ಮನೆಯಲ್ಲಿ ನನ್ನನ್ನು ಕೂಗುವವರೇ ಇಲ್ಲದಂತಾಯಿತು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಅವರಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ, ನಡುನಡುವೆ ಕೂಲಿಗೆ ಟಾವೆಲ್ಲಿನ ಅಂಚು ಹೊಲಿದು ಕೊಡುತ್ತಿದ್ದೆ. ಅವರು ಹೋದ ಮೇಲಾದರೂ ಕಣ್ತುಂಬ ನಿದ್ದೆ ಬಂದೀತು ಅಂದುಕೊಂಡಿದ್ದೆ. ದಣಿವು ಮಾತ್ರ ಊರಿಂದ ಬಂದ ನೆಂಟನ ಹಾಗೆ ಮೈಯಲ್ಲೇ ಠಿಕಾಣಿ ಹೂಡಿತ್ತು.

ಓಣಿಯಲ್ಲಿ ಕಳ್ಳತನ ಶುರುವಾದಾಗ ನಾಯಿ ಸಾಕೋಣ ಎಂದವರು ನನ್ನ ಗಂಡ. ಅಕ್ಕಲಕೋಟದ ಹತ್ತಿರ ಕುರಿ ಸಾಕುವ ನನ್ನ ಅಣ್ಣನ ಹಟ್ಟಿಯಲ್ಲಿ ನಾಯಿ ಮರಿ ಹಾಕಿತ್ತು. ನಾನು ಒಂದೇ ಷರತ್ತು ಹಾಕಿದೆ: ಹಾಕಿದ್ದನ್ನು ತಿಂದು, ಹೊರಗೆ ಬಿದ್ದುಕೊಂಡು, ಬೊಗಳುವಂಥ ಗಟ್ಟಿ ನಾಯಿ ಬೇಕು. ಇನ್ನು ಯಾರ ಸೇವೆಯೂ ನನ್ನ ಕೈಲಾಗದು. ಹೂಂ ಅಂದರು. ಮರಿ ತರಲು ಬಸ್ಸು ಹತ್ತಿದವಳು ಮಾತ್ರ ನಾನೇ.

ನಮ್ಮ ತವರಿನಲ್ಲಿ ಮರಿ ಆರಿಸುವುದಕ್ಕೊಂದು ರೀತಿಯಿದೆ. ಮರಿಗಳನ್ನೆಲ್ಲ ಗೂಡಿನಿಂದ ತೆಗೆದು ದೂರ ಬಿಸಿಲಲ್ಲಿಡುತ್ತಾರೆ. ತಾಯಿ ಒಂದೊಂದನ್ನೇ ಕಚ್ಚಿಕೊಂಡು ಗೂಡಿಗೆ ತರುತ್ತದೆ. ಮೊದಲು ತಂದದ್ದೇ ಗಟ್ಟಿ ಮರಿ. ಅದರ ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಸಿನ ಹಚ್ಚಿ ಕುರಿ ಕಾಯಲು ಹಟ್ಟಿಯಲ್ಲೇ ಉಳಿಸಿಕೊಳ್ಳುತ್ತಾರೆ. ತಂಗಿ ಬಂದಿದ್ದಾಳೆಂದು ಅಣ್ಣ ಈ ಸಲ ಅದನ್ನು ನನಗೇ ಕೊಡುವವನಿದ್ದ.

ತಾಯಿನಾಯಿಯ ಪಕ್ಕೆಲುಬುಗಳು ಕಾಣುತ್ತಿದ್ದವು. ಮೊದಲು ಒಂದು ದುಂಡನೆಯ ಮರಿಯನ್ನು ತಂದಿತು. ಅಣ್ಣ ಭಂಡಾರ ಹಚ್ಚಿದ. ಆಮೇಲೆ ಉಳಿದವು ಬಂದವು. ಕಡೆಗೆ ಎಲ್ಲಕ್ಕಿಂತ ಸಣ್ಣದೊಂದೇ ಬಿಸಿಲಲ್ಲಿ ಉಳಿಯಿತು. ತಾಯಿ ಹೋಗಿ ಮೂಸಿತು, ಬರಿಬಾಯಲ್ಲಿ ಹಿಂದಿರುಗಿ ಗೂಡಿನಲ್ಲಿ ಬಿದ್ದುಕೊಂಡಿತು.

"ಎಂಥಾ ತಾಯಿನಽ ಇದು! ಹಡದದ್ದನ್ನ ಬಿಸಿಲಾಗ ಬಿಟ್ಟು ಬಂತ ನೋಡ್ರಿ," ಎಂದರು ಅಣ್ಣನ ಹೆಂಡತಿ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅದಕ್ಕ ಸಾಕಾಗ್ಯಾದ ವೈನಿ! ಸಾಕಾದ್ರ ಮಲಗಬಾರದೇನು?"

ನಾನು ಹೋಗಿ ಆ ಮರಿಯನ್ನೆತ್ತಿ ತಂದು ತಾಯಿಯ ಮೊಲೆಗೆ ಹಚ್ಚಿದೆ. ತಾಯಿ ಮೂತಿಯಿಂದ ಆಚೆ ನೂಕಿತು.

"ಅದು ಉಳಿಯೂದಲ್ಲ ಬಿಡವ್ವಾ. ಭಂಡಾರ ಹಚ್ಚಿದ ಕುನ್ನಿ ತಗೊಂಡು ಹೋಗು," ಎಂದ ಅಣ್ಣ.

ಅವನು ಹೇಳಿದ್ದು ಸರಿಯೇ. ಗಟ್ಟಿ ಮರಿಯೇ ಬೇಕೆಂದು ಬಂದವಳು ನಾನು. ಆದರೆ ಇದನ್ನು ಕೆಳಗಿಟ್ಟರೆ ಇದು ಸತ್ತುಹೋಗುತ್ತಿತ್ತು, ಆ ಬಡಪಾಯಿ ತಾಯಿಗೆ ಮತ್ತೆ ಬೈಗುಳ ತಪ್ಪುತ್ತಿರಲಿಲ್ಲ. ಇದನ್ನೇ ಒಯ್ಯುತ್ತೇನೆ ಅಂದೆ. ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಕೂತ ಮೇಲೆ, ನನ್ನ ಬುದ್ಧಿಗಿಷ್ಟು ಎಂದು ದಾರಿಯುದ್ದಕ್ಕೂ ಬೈದುಕೊಂಡೆ.

ಗಂಡ ಪವರ್‌ಲೂಮಿನ ಪಾಳಿ ಮುಗಿಸಿ ಬಂದು ಮಂಚದ ಮೇಲೆ ಮೊಬೈಲ್ ಹಿಡಿದಿದ್ದರು. "ಇದೇನು ಇಲಿ ತಂದೀಯೇನು? ಮತ್ತ ಒಂದು ಸೇವಾ ಬೆನ್ನಿಗೆ ಹಚಗೊಂಡಿ ನೋಡು," ಎಂದು ನಕ್ಕರು.

ಹತ್ತಿಯನ್ನು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟೆ. ಒಂದಿಷ್ಟು ಚೀಪಿ ಸುಮ್ಮನಾಯಿತು. ನಾನು ಚಾಪೆ ಹಾಸಿ ಮೈಚಾಚುವಷ್ಟರಲ್ಲಿ ಮತ್ತೆ ಕುಂಯ್ಗುಟ್ಟಿತು.

"ಏ, ಅಳಾಕತ್ತದ ನೋಡು," ಎಂದರು, ಮೊಬೈಲಿನಿಂದ ಕಣ್ಣು ಕೀಳದೆ.

"ನನಗ ಸಾಕಾಗ್ಯಾದರಿ," ಎಂದೆ. "ನಾ ಏಳೂದಿಲ್ಲ. ನೀವೇ ಏಳ್ರಿ."

ಅತ್ತೆಯಿದ್ದ ಅಷ್ಟು ವರ್ಷ ಈ ಮಾತು ನನ್ನ ಬಾಯಿಂದ ಹೊರಟಿರಲಿಲ್ಲ. ಮರಿ ಅಳುತ್ತಲೇ ಇತ್ತು. ಎದ್ದುಬಿಡಲೇ ಅನ್ನಿಸಿತು. ಗೋಡೆಯ ಕಡೆ ಹೊರಳಿದೆ. ಸ್ವಲ್ಪ ಹೊತ್ತಿಗೆ ಮಂಚ ಕಿರುಗುಟ್ಟಿತು.

"ಹಾಲು ಎಲ್ಲಿ ಇಟ್ಟೀದಿ?"

ಹೇಳಿ ಕಣ್ಣು ಮುಚ್ಚಿದೆ. ಅವರ ತಾಯಿ ಕೂಗುತ್ತಿದ್ದಾಗಲೂ ಹೀಗೇ ಏಳುತ್ತಿದ್ದರೋ ಏನೋ. ನಾನು ಒಂದು ದಿನವೂ ಏಳದೆ ಮಲಗಿ ನೋಡಿರಲಿಲ್ಲ.